ದಾನವೂ ದೇಶದ ಸುಖವೂ



ಸುಖ ಬೇಡವೆನ್ನುವ ಜೀವಿಯಿಲ್ಲ. ಬಿಸಿಲಲ್ಲಿ ದುಡಿದ ಎತ್ತು ನೆರಳಿನ ಕಡೆಗೆ ತಿರುಗುತ್ತದೆ. ಅಳುವ ಕೂಸು ತಾಯಿಯ ಮಡಿಲಿಗೆ ಕೈಚಾಚುತ್ತದೆ. ಪಡೆದರೆ ಸುಖವಾಗುತ್ತದೆ ಎಂಬ ಮಾತಿಗೆ ಸಾಕ್ಷಿ ಬೇಕಾಗಿಲ್ಲ. ಕೊಟ್ಟರೂ ಸುಖವಾಗುತ್ತದೆ ಎಂದಾಗ ಮಾತ್ರ ಜನರು ಸಾಕ್ಷಿ ಕೇಳುತ್ತಾರೆ. ಕೇಳುವುದು ತಪ್ಪೂ ಅಲ್ಲ.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನದಲ್ಲಿ ನಾವು ದಾಸೋಹದ ವಿಷಯವನ್ನು ಹೇಳುತ್ತಿದ್ದೆವು. ಪ್ರವಚನ ಮುಗಿದು ಜನರೆಲ್ಲ ಪ್ರಸಾದಕ್ಕೆ ಎದ್ದ ಮೇಲೆ ಒಬ್ಬ ರೈತರು ಕಂಬದ ಬಳಿಯಲ್ಲಿಯೇ ನಿಂತಿದ್ದರು. ಹತ್ತಿರ ಬಂದು ನಮಸ್ಕರಿಸಿ ಹೇಳಿದರು: "ಬುದ್ಧಿ, ಕೊಡೋದ್ರಲ್ಲಿ ಸುಖ ಐತೆ ಅಂತ ತಾವು ಅಪ್ಪಣೆ ಕೊಡಿಸಿದ್ರಿ. ಕೊರೋನಾ ಬಂದಾಗ ನಮ್ಮ ದೇಶದೋರು ಹೊರದೇಶಕ್ಕೆಲ್ಲ ಸೂಜಿಮದ್ದು ಕೊಟ್ರು. ನನ್ನ ತಮ್ಮ ಮೂರು ದಿನ ಸರತೀಲಿ ನಿಂತು ಬರಿಗೈಲಿ ಮನೆಗೆ ಬಂದ. ಆಮೇಲೆ ಅವನು ಉಳೀಲಿಲ್ಲ. ಆ ಕೊಟ್ಟಿದ್ದರಿಂದ ದೇಶಕ್ಕೆ ಯಾವ ಸುಖ ಬಂತು ಬುದ್ಧಿ?"

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಅವರ ಕೈಯನ್ನು ಹಿಡಿದುಕೊಂಡೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕಾಲೇಜಿನ ಅಧ್ಯಾಪಕರನ್ನು ಕರೆಸಿ, ಗ್ರಂಥಗಳನ್ನು ಓದಿಸಿ ಕೇಳಿ, ತಿಳಿದಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ. ಒಂದು ದೇಶವು ಮತ್ತೊಂದು ದೇಶಕ್ಕೆ ಕೊಡುವ ನೆರವಿನಿಂದ ಕೊಟ್ಟ ದೇಶದ ಪ್ರಜೆಗಳಿಗೆ ಸುಖವುಂಟೋ ಇಲ್ಲವೋ? ಉಂಟಾದರೆ ಎಂಥ ನೆರವಿನಿಂದ? ಇದೇ ಇಂದಿನ ವಿಚಾರ.

ಮೊದಲು ನೆರವಿನ ವಿಷಯ. ಎರಡನೆಯ ಮಹಾಯುದ್ಧದ ನಂತರ ಹಲವು ದೇಶಗಳು ಪರಾಧೀನತೆಯಿಂದ ಬಿಡುಗಡೆಯಾದವು. ಅವುಗಳ ಬಡತನವನ್ನು ನೀಗಲು ಸಿರಿವಂತ ದೇಶಗಳು ಏನು ಮಾಡಬೇಕೆಂದು ವಿಚಾರಿಸಲು ಕೆನಡಾದ ಪ್ರಧಾನಿಯಾಗಿದ್ದ ಲೆಸ್ಟರ್ ಪಿಯರ್‌ಸನ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಕುಳಿತಿತು. ಅದು 1969ರಲ್ಲಿ ವರದಿ ಕೊಟ್ಟಿತು. ಮರುವರ್ಷ, 1970ರ ಅಕ್ಟೋಬರ್ 24ರಂದು, ವಿಶ್ವಸಂಸ್ಥೆಯ ಮಹಾಸಭೆಯು ಒಂದು ನಿರ್ಣಯ ಮಾಡಿತು. ಸಿರಿವಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದಲ್ಲಿ ಶೇಕಡಾ 0.7ರಷ್ಟನ್ನು ಬಡದೇಶಗಳಿಗೆ ಕೊಡಬೇಕು ಎಂಬುದೇ ಅದರ ಸಾರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನೂರು ರೂಪಾಯಿ ಗಳಿಸಿದವನು ಎಪ್ಪತ್ತು ಪೈಸೆ ಕೊಡಬೇಕು. ಒಂದು ರೂಪಾಯಿಯೂ ಅಲ್ಲ!

ಈ ಎಪ್ಪತ್ತು ಪೈಸೆಯ ಮಾತನ್ನು ಎಷ್ಟು ದೇಶಗಳು ನಡೆಸಿದವು? ಸ್ವೀಡನ್ ದೇಶವು 1970ರ ದಶಕದ ಮಧ್ಯಭಾಗದಲ್ಲಿ ಮೊದಲು ಮುಟ್ಟಿತು. ನಾರ್ವೆ 1976ರಲ್ಲಿ, ಡೆನ್ಮಾರ್ಕ್ 1978ರಲ್ಲಿ ಮುಟ್ಟಿದವು. ಚಿಕ್ಕ ದೇಶವಾದ ಲಕ್ಸೆಂಬರ್ಗ್ 2000ದಲ್ಲಿ ಸೇರಿಕೊಂಡಿತು. ಬ್ರಿಟನ್ 2013ರಲ್ಲಿ ಮುಟ್ಟಿ, 2015ರಲ್ಲಿ ಅದನ್ನು ಶಾಸನವನ್ನಾಗಿಯೂ ಮಾಡಿತು. 2021ರಲ್ಲಿ ಐವತ್ತು ಪೈಸೆಗೆ ಇಳಿಯಿತು. 2024ರ ಲೆಕ್ಕದಲ್ಲಿ ಮಾತನ್ನು ಉಳಿಸಿಕೊಂಡವು ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಡೆನ್ಮಾರ್ಕ್ ಎಂಬ ನಾಲ್ಕೇ ದೇಶಗಳು. ಅಮೆರಿಕವು ಒಟ್ಟು ಮೊತ್ತದಲ್ಲಿ ಎಲ್ಲರಿಗಿಂತ ಹೆಚ್ಚು ಕೊಡುತ್ತಿತ್ತು. ಆದರೆ ತನ್ನ ಆದಾಯದ ನೂರು ರೂಪಾಯಿಗೆ ಅದು ಕೊಟ್ಟದ್ದು 2024ರಲ್ಲಿಯೂ ನಾಲ್ಕಾಣೆಗಿಂತ ಕಡಿಮೆ.

ಇನ್ನು ಸುಖದ ವಿಷಯ. ಸುಖವನ್ನು ಅಳೆಯಲು ಸೇರಿಲ್ಲ, ಕೊಳಗವಿಲ್ಲ. ಆದರೂ ಈ ಕಾಲದ ಪಂಡಿತರು ಒಂದು ಉಪಾಯ ಮಾಡಿದ್ದಾರೆ. ಜನರನ್ನು ಕಂಡು ಹೀಗೆ ಕೇಳುತ್ತಾರೆ: "ಒಂದು ಏಣಿಯಿದೆ ಎಂದು ಭಾವಿಸಿರಿ. ತುದಿಯ ಹತ್ತನೆಯ ಮೆಟ್ಟಿಲು ನಿಮಗೆ ಸಾಧ್ಯವಾದ ಅತ್ಯುತ್ತಮ ಬಾಳು. ಬುಡದ ಸೊನ್ನೆ ಅತ್ಯಂತ ಕೆಟ್ಟ ಬಾಳು. ಈಗ ನೀವು ಯಾವ ಮೆಟ್ಟಿಲಿನ ಮೇಲೆ ನಿಂತಿದ್ದೀರಿ?" ಹೀಗೆ ಕೇಳಿ ಬಂದ ಉತ್ತರಗಳನ್ನು ಕೂಡಿಸಿ 2012ರಿಂದ ಜಗತ್ತಿನ ಸುಖದ ವರದಿಯೊಂದನ್ನು ಪ್ರಕಟಿಸುತ್ತ ಬಂದಿದ್ದಾರೆ. ಈ ವಿಚಾರಕ್ಕೆ ವಿಶ್ವಸಂಸ್ಥೆಯಲ್ಲಿ ಬೀಜ ಬಿತ್ತಿದ್ದು ನಮ್ಮ ನೆರೆಯ ಭೂತಾನ. ಆ ದೇಶದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರು 1970ರ ದಶಕದಲ್ಲಿಯೇ, ದೇಶದ ಒಟ್ಟು ಉತ್ಪನ್ನಕ್ಕಿಂತ ದೇಶದ ಒಟ್ಟು ಸುಖ ಮುಖ್ಯವೆಂದು ಸಾರಿದ್ದರು.

2025ರ ವರದಿಯಲ್ಲಿ ಮೊದಲ ಸ್ಥಾನ ಫಿನ್ಲೆಂಡಿಗೆ. 2018ರಿಂದ ಸತತ ಎಂಟು ವರ್ಷ ಆ ಸ್ಥಾನ ಅದರದೇ. ಡೆನ್ಮಾರ್ಕ್ ಎರಡನೆಯದು, ಸ್ವೀಡನ್ ನಾಲ್ಕನೆಯದು, ನಾರ್ವೆ ಏಳನೆಯದು, ಲಕ್ಸೆಂಬರ್ಗ್ ಒಂಬತ್ತನೆಯದು. ನಾವು ಭಾರತೀಯರು 118ನೆಯವರು. ಎಪ್ಪತ್ತು ಪೈಸೆಯ ಮಾತನ್ನು ಉಳಿಸಿಕೊಂಡ ನಾಲ್ಕು ದೇಶಗಳೂ ಸುಖದ ಪಟ್ಟಿಯ ಮೊದಲ ಹತ್ತರಲ್ಲಿಯೇ ಇವೆ. ಇದನ್ನು ನೋಡಿದೊಡನೆ "ನೋಡಿರಿ, ಕೊಟ್ಟವರು ಸುಖಿಗಳಾದರು" ಎಂದು ಹೇಳಿ ಪ್ರವಚನವನ್ನು ಇಲ್ಲಿಗೇ ಮುಗಿಸಿಬಿಡಬಹುದು. ಭಕ್ತರು ಚಪ್ಪಾಳೆ ತಟ್ಟಿಯಾರು. ಆದರೆ ತರ್ಕಶಾಸ್ತ್ರವನ್ನು ಓದಿದವನು ಅಷ್ಟು ಅವಸರ ಮಾಡಬಾರದು.

ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಕ್ಷಣಕ್ಕೆ ಹಣ್ಣು ಬಿದ್ದಿತು. ಕಾಗೆಯೇ ಬೀಳಿಸಿತೆಂದು ಹೇಳಲಾದೀತೇ? ಇದಕ್ಕೆ ಕಾಕತಾಲೀಯ ನ್ಯಾಯವೆಂದು ಹೆಸರು. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗುವುದಿಲ್ಲ. ಅನ್ವಯ ಮತ್ತು ವ್ಯತಿರೇಕ ಎರಡೂ ಬೇಕು. ಇದು ಇದ್ದಲ್ಲಿ ಅದು ಇರಬೇಕು, ಇದು ಇಲ್ಲದಲ್ಲಿ ಅದು ಇರಬಾರದು. ಇಲ್ಲಿ ವ್ಯತಿರೇಕ ಕೆಡುತ್ತದೆ. ಮೊದಲ ಸ್ಥಾನದ ಫಿನ್ಲೆಂಡೇ ಆ ಎಂಟು ವರ್ಷಗಳಲ್ಲಿ ಎಪ್ಪತ್ತು ಪೈಸೆಯನ್ನು ಮುಟ್ಟಿಲ್ಲ. ಪರದೇಶಗಳಿಗೆ ದೊಡ್ಡ ನೆರವು ಕೊಡುವ ದೇಶಗಳ ಸಾಲಿನಲ್ಲಿ ನಿಲ್ಲದ ಕೋಸ್ಟರಿಕಾ ಆರನೆಯ ಸ್ಥಾನದಲ್ಲಿದೆ, ಮೆಕ್ಸಿಕೊ ಹತ್ತನೆಯದರಲ್ಲಿದೆ. ಎಲ್ಲರಿಗಿಂತ ದೊಡ್ಡ ಮೊತ್ತವನ್ನು ಕೊಡುತ್ತಿದ್ದ ಅಮೆರಿಕ 24ನೆಯದು.

ಹಾಗಾದರೆ ನಂಟು ಸುಳ್ಳೇ? ಅದೂ ಅಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದು ಒಬ್ಬನು ಹೇಳಿದರೆ ನೈಯಾಯಿಕರು ಒಪ್ಪುವುದಿಲ್ಲ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿಯ ಸೌದೆ ಬೇಕು. ಹೀಗೆ ನಡುವೆ ಅಡಗಿ ಕುಳಿತಿರುವ ಮೂರನೆಯದಕ್ಕೆ ಉಪಾಧಿ ಎನ್ನುತ್ತಾರೆ. ನಮ್ಮ ವಿಷಯದಲ್ಲಿ ಆ ಉಪಾಧಿ ಯಾವುದು? ವಿಶ್ವಾಸ. ಆ ಉತ್ತರದ ದೇಶಗಳಲ್ಲಿ ಜನರು ನೆರೆಯವನನ್ನು ನಂಬುತ್ತಾರೆ, ಕಚೇರಿಯನ್ನು ನಂಬುತ್ತಾರೆ, ಕಟ್ಟಿದ ತೆರಿಗೆ ಕಳುವಾಗುವುದಿಲ್ಲವೆಂದು ನಂಬುತ್ತಾರೆ. ಕಳೆದುಹೋದ ಹಣದ ಚೀಲ ಮರಳಿ ಬರುತ್ತದೆಂದು ನಂಬುವವರು ಹೆಚ್ಚು ಸುಖಿಗಳೆಂದು ಅದೇ 2025ರ ವರದಿ ಹೇಳುತ್ತದೆ. ವಿಶ್ವಾಸವಿದ್ದಲ್ಲಿ ಮನೆಯೊಳಗೆ ಸುಖವಿರುತ್ತದೆ. ಅದೇ ವಿಶ್ವಾಸವು ಬೇಲಿಯನ್ನು ದಾಟಿ ಹೊರಗೆ ಹರಿದಾಗ ಅದಕ್ಕೆ ದಾನವೆಂದು ಹೆಸರಾಗುತ್ತದೆ. ಸುಖ, ದಾನ ಎರಡೂ ಒಂದೇ ಬೇರಿನ ಎರಡು ಕೊಂಬೆಗಳು.

ಇಲ್ಲಿ ಒಂದು ಸಂದೇಹ ಬರುತ್ತದೆ. "ಸ್ವಾಮಿಗಳೇ, ಅವರು ಸಿರಿವಂತರು. ಹೊಟ್ಟೆ ತುಂಬಿದವರು ಕೊಡುತ್ತಾರೆ. ನಾವೂ ಸಿರಿವಂತರಾದ ಮೇಲೆ ಕೊಟ್ಟೇವು." ನಾರ್ವೆಯ ಕಥೆಯನ್ನು ಸ್ವಲ್ಪ ಕೇಳಿರಿ. ಅದು ಐದು ವರ್ಷ ಜರ್ಮನರ ಸೈನ್ಯದ ಕೆಳಗೆ ನರಳಿದ ದೇಶ. ಯುದ್ಧ ಮುಗಿದ ಮೇಲೆ ಅದೂ ಅಮೆರಿಕದ ಮಾರ್ಷಲ್ ಯೋಜನೆಯಿಂದ ನೆರವು ಪಡೆದು ಎದ್ದು ನಿಂತಿತು. ಆ ಪಡೆಯುವ ಕಾಲ ಮುಗಿಯುತ್ತಿದ್ದ 1952ರಲ್ಲಿಯೇ ಕೊಡುವುದಕ್ಕೂ ಹೊರಟಿತು. ಯಾರಿಗೆ? ನಮ್ಮ ದೇಶದ ಬೆಸ್ತರಿಗೆ. ಈಗಿನ ಕೇರಳದ ಕೊಲ್ಲಂ ಬಳಿಯ ನೀಂಡಕರೆಯಲ್ಲಿ ಭಾರತ-ನಾರ್ವೆ ಮೀನುಗಾರಿಕೆ ಯೋಜನೆ ಆರಂಭವಾಯಿತು. ಅದು ಮುಂದೆ ನಮ್ಮ ಕಾರವಾರದವರೆಗೂ ಬಂದಿತು. ಉತ್ತರಸಮುದ್ರದಲ್ಲಿ ನಾರ್ವೆಗೆ ಎಣ್ಣೆಯ ನಿಧಿ ದೊರೆತದ್ದು 1969ರ ಸುಮಾರಿಗೆ. ಎಣ್ಣೆ ಬರುವುದಕ್ಕೆ ಹದಿನೇಳು ವರ್ಷ ಮುಂಚೆಯೇ ಕೈ ಚಾಚಿತ್ತು.

ಆ ಯೋಜನೆ ಪೂರ್ತಿ ಫಲಿಸಿತೆಂದು ನಾವು ಹೇಳುವುದಿಲ್ಲ. ಆಸ್ಪತ್ರೆ ಬಂತು, ಕುಡಿಯುವ ನೀರು ಬಂತು, ಯಂತ್ರದ ದೋಣಿ ಬಂತು, ಮಂಜುಗಡ್ಡೆ ಬಂತು, ಸಿಗಡಿ ಪರದೇಶಕ್ಕೆ ಹೋಯಿತು. ದೋಣಿ ಕೊಳ್ಳಬಲ್ಲವನು ಮೇಲೆ ಬಂದನು. ಕೈಬಲೆಯ ಬಡ ಬೆಸ್ತನು ಹಿಂದೆ ಉಳಿದನು. ಕೊಡುವವನ ಮನಸ್ಸು ಒಳ್ಳೆಯದಾಗಿದ್ದರೂ ಸಾಲದು, ಪಡೆಯುವವನ ಮನೆಯ ಒಳಗನ್ನೂ ತಿಳಿದಿರಬೇಕು ಎಂಬ ಪಾಠ ಅಲ್ಲಿದೆ.

ಇನ್ನು ಕೊಡುವುದರಿಂದ ಒಬ್ಬ ವ್ಯಕ್ತಿಗೆ ಸುಖವಾಗುತ್ತದೆಯೇ ಎಂಬುದನ್ನು ಪಂಡಿತರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2008ರಲ್ಲಿ ಕೆನಡಾದ ಎಲಿಜಬೆತ್ ಡನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಕೆಲವರಿಗೆ ಬೆಳಿಗ್ಗೆ ಐದು ಡಾಲರು, ಕೆಲವರಿಗೆ ಇಪ್ಪತ್ತು ಡಾಲರು ಕೊಟ್ಟರು. ಅರ್ಧ ಜನರಿಗೆ "ನಿಮಗಾಗಿ ಖರ್ಚು ಮಾಡಿರಿ" ಎಂದರು, ಉಳಿದವರಿಗೆ "ಬೇರೆಯವರಿಗಾಗಿ ಖರ್ಚು ಮಾಡಿರಿ" ಎಂದರು. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷದಲ್ಲಿದ್ದರು. ಐದು ಡಾಲರಾದರೂ ಅಷ್ಟೇ, ಇಪ್ಪತ್ತಾದರೂ ಅಷ್ಟೇ. ಮುಂದೆ ಲಾರಾ ಆಕ್ನಿನ್ ಮೊದಲಾದವರು 136 ದೇಶಗಳ ಸಮೀಕ್ಷೆಯನ್ನು ಶೋಧಿಸಿ, ಬಡದೇಶ ಸಿರಿದೇಶವೆಂಬ ಭೇದವಿಲ್ಲದೆ ಬಹುಪಾಲು ದೇಶಗಳಲ್ಲಿ ಇದೇ ನಂಟನ್ನು ಕಂಡರು. ಆ ವರದಿ 2013ರಲ್ಲಿ ಬಂದಿತು.

"ಅದು ಕೈಯಾರೆ ಕೊಟ್ಟದ್ದು. ದೇಶ ಕೊಡುವುದು ತೆರಿಗೆಯ ಹಣವಲ್ಲವೇ? ಹಿಡಿದು ವಸೂಲು ಮಾಡಿದ್ದರಿಂದ ಯಾರಿಗೆ ಸುಖ?" ಈ ಆಕ್ಷೇಪ ನ್ಯಾಯವಾದುದು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷಿಸಿದರು. 19 ಜನ ಹೆಂಗಸರಿಗೆ ತಲಾ ನೂರು ಡಾಲರು ಕೊಟ್ಟು, ಅದರಲ್ಲಿ ಸ್ವಲ್ಪವನ್ನು ಹಸಿದವರಿಗೆ ಅನ್ನ ಒದಗಿಸುವ ಸಂಸ್ಥೆಗೆ ಕೆಲವು ಸಲ ತೆರಿಗೆಯಂತೆ ಕಡ್ಡಾಯವಾಗಿ ತೆಗೆದರು, ಕೆಲವು ಸಲ ಅವರ ಇಚ್ಛೆಗೆ ಬಿಟ್ಟರು. ಆ ಹೊತ್ತಿನಲ್ಲಿ ಮೆದುಳಿನಲ್ಲಿ ಆಗುವುದನ್ನು ಯಂತ್ರದಿಂದ ನೋಡಿದರು. ಕಡ್ಡಾಯವಾಗಿ ಹೋದಾಗಲೂ ಸುಖದ ಕೇಂದ್ರಗಳು ಎಚ್ಚೆತ್ತವು. ಇಚ್ಛೆಯಿಂದ ಕೊಟ್ಟಾಗ ಇನ್ನೂ ಹೆಚ್ಚು ಎಚ್ಚೆತ್ತವು. ಇದು ಪ್ರಕಟವಾದುದು 2007ರಲ್ಲಿ. ಹತ್ತೊಂಬತ್ತು ಜನರ ಪರೀಕ್ಷೆಯಿಂದ ಲೋಕವನ್ನೆಲ್ಲ ನಿರ್ಣಯಿಸಲಾಗದು. ಆದರೂ ದಿಕ್ಕು ತೋರುತ್ತದೆ: ತೆರಿಗೆಯ ಹಣವೂ ಹಸಿದವನಿಗೆ ಹೋಗುತ್ತದೆಂದು ಕಣ್ಣಿಗೆ ಕಂಡರೆ ಮನಸ್ಸು ತಣಿಯುತ್ತದೆ.

ಕಣ್ಣಿಗೆ ಕಾಣಬೇಕು. ಇದು ಮುಖ್ಯವಾದ ಮಾತು. ಮತ್ತೊಂದು ಪರೀಕ್ಷೆಯಲ್ಲಿ ಕೆಲವರು ಮಕ್ಕಳಿಗಾಗಿ ನಾನಾ ಕಾರ್ಯ ಮಾಡುವ ಒಂದು ದೊಡ್ಡ ಸಂಸ್ಥೆಗೆ ಹಣ ಕೊಟ್ಟರು. ಬೇರೆ ಕೆಲವರು ಮಲೇರಿಯಾ ಇರುವ ಸೀಮೆಯ ಮಕ್ಕಳಿಗೆ ಸೊಳ್ಳೆಪರದೆ ಕೊಡಿಸುವ ಕಾರ್ಯಕ್ಕೆ ಕೊಟ್ಟರು. ಹತ್ತು ಡಾಲರಿಗೆ ಒಂದು ಪರದೆ ಎಂದು ಅವರಿಗೆ ತಿಳಿದಿತ್ತು. ಹೆಚ್ಚು ಕೊಟ್ಟಂತೆ ಹೆಚ್ಚು ಸಂತೋಷಪಟ್ಟವರು ಈ ಎರಡನೆಯವರು. ಅಮೆರಿಕದ ಜನರನ್ನು ಕೇಳಿದಾಗ, ತಮ್ಮ ಸರ್ಕಾರದ ಖರ್ಚಿನಲ್ಲಿ ಸುಮಾರು ಕಾಲುಭಾಗ ಪರದೇಶದ ನೆರವಿಗೇ ಹೋಗುತ್ತದೆಂದು ಹೇಳುತ್ತಿದ್ದರು. ನಿಜವಾಗಿ ಹೋಗುತ್ತಿದ್ದುದು ನೂರಕ್ಕೆ ಒಂದರಷ್ಟು. ಎಷ್ಟು ಕೊಟ್ಟೆವು, ಯಾರಿಗೆ ಕೊಟ್ಟೆವು, ಏನಾಯಿತು ಎಂಬುದೊಂದೂ ತಿಳಿಯದವನಿಗೆ ಕೊಟ್ಟ ಸುಖವೆಲ್ಲಿಂದ ಬಂದೀತು? ಕಿಸೆ ಕತ್ತರಿಸಿದಂತೆ ಕಾಣುತ್ತದೆ. ಆ ದೇಶವು 1961ರಿಂದ ನಡೆಸಿಕೊಂಡು ಬಂದಿದ್ದ ತನ್ನ ನೆರವಿನ ಸಂಸ್ಥೆಯನ್ನು 2025ರ ಜುಲೈ 1ರಂದು ಮುಚ್ಚಿತು.

ಇನ್ನು ಕೊಡುವ ಬಗೆ. ವ್ಯಾಕರಣಶಾಸ್ತ್ರದಲ್ಲಿ ಸಂಪ್ರದಾನವೆಂಬ ಕಾರಕವಿದೆ. ಯಾರಿಗೆ ಕೊಡುತ್ತೇವೆಯೋ ಅವನು ಸಂಪ್ರದಾನ. ಅಲ್ಲಿ ಚತುರ್ಥೀ ವಿಭಕ್ತಿ ಬರುತ್ತದೆ. ನಾವು ಪಾಠಶಾಲೆಯಲ್ಲಿ ಓದುವಾಗ ಗುರುಗಳು ಒಂದು ಪ್ರಶ್ನೆ ಹಾಕುತ್ತಿದ್ದರು. ಮಡಿವಾಳನ ಕೈಗೆ ಬಟ್ಟೆ ಕೊಡುತ್ತೇವಲ್ಲ, ಮಡಿವಾಳನು ಸಂಪ್ರದಾನವಾಗುವನೋ? ಹಿಂದಿನ ವ್ಯಾಖ್ಯಾನಕಾರರು ಆಗುವುದಿಲ್ಲವೆಂದು ಹೇಳಿ ಅಲ್ಲಿ ಷಷ್ಠಿಯನ್ನು ಬಳಸುತ್ತಾರೆ. ಏಕೆ? ಬಟ್ಟೆ ಅವನ ಕೈಗೆ ಹೋಯಿತು, ಒಡೆತನ ಹೋಗಲಿಲ್ಲ. ತಿರುಗಿ ಬರಲೆಂದೇ ಕೊಟ್ಟದ್ದು. "ಸಂ" ಎಂದರೆ ಚೆನ್ನಾಗಿ, "ಪ್ರ" ಎಂದರೆ ಪೂರ್ತಿಯಾಗಿ. ಚೆನ್ನಾಗಿಯೂ ಪೂರ್ತಿಯಾಗಿಯೂ ಬಿಟ್ಟುಕೊಟ್ಟರೆ ಮಾತ್ರ ಅದು ಸಂಪ್ರದಾನ.

ದೇಶದೇಶಗಳ ನೆರವಿನಲ್ಲಿ ಎಷ್ಟೋ ಭಾಗ ಹೀಗೆ ಮಡಿವಾಳನಿಗೆ ಕೊಟ್ಟ ಬಟ್ಟೆ. ಹಣ ಕೊಡುತ್ತೇವೆ, ಆದರೆ ಯಂತ್ರವನ್ನು ನಮ್ಮಲ್ಲೇ ಕೊಳ್ಳಬೇಕು. ನೆರವು ಕೊಡುತ್ತೇವೆ, ಆದರೆ ನಮ್ಮ ಮಾತಿಗೆ ತಲೆ ಆಡಿಸಬೇಕು. ಬ್ರಿಟನ್ ಮಲೇಶಿಯಾದ ಪರ್ಗಾವು ಎಂಬಲ್ಲಿ ಅಣೆಕಟ್ಟೆಗೆ ಹಣ ಕೊಟ್ಟಿತು. ಅದರ ಹಿಂದೆ ಶಸ್ತ್ರಾಸ್ತ್ರಗಳ ಮಾರಾಟದ ಮಾತುಕತೆಯಿತ್ತೆಂದು ಬಯಲಾಯಿತು. 1994ರಲ್ಲಿ ಅವರ ನ್ಯಾಯಾಲಯವೇ ಆ ನೆರವು ಶಾಸನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅಂಥ ದಾನದಿಂದ ಬ್ರಿಟನ್ನಿನ ಪ್ರಜೆಗೆ ಬಂದದ್ದು ಸುಖವಲ್ಲ, ನಾಚಿಕೆ.

ಪಡೆದವರ ನೋವನ್ನು ನಾವು ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಅಮೆರಿಕವು 1954ರಲ್ಲಿ ಪಿ.ಎಲ್. 480 ಎಂಬ ಶಾಸನ ಮಾಡಿ ತನ್ನಲ್ಲಿ ಮಿಕ್ಕ ಧಾನ್ಯವನ್ನು ಹೊರಗೆ ಕೊಡತೊಡಗಿತು. 1956ರಲ್ಲಿ ಭಾರತವೂ ಒಪ್ಪಂದ ಮಾಡಿಕೊಂಡಿತು. 1965, 66ರಲ್ಲಿ ಸಾಲಾಗಿ ಮಳೆ ಕೈಕೊಟ್ಟಾಗ ಆ ಗೋದಿಯೇ ಕೋಟ್ಯಂತರ ಜನರ ಪ್ರಾಣವಾಯಿತು. ಅದನ್ನು ಮರೆಯುವುದು ಕೃತಘ್ನತೆ. ಆದರೆ ಆಗಿನ ಅಧ್ಯಕ್ಷ ಜಾನ್‌ಸನ್ ಅವರು ಒಮ್ಮೆಗೇ ಕಳಿಸದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದರು. ಕೃಷಿಯ ನೀತಿ ಬದಲಾಗಲಿ ಎಂಬುದು ಒಂದು ಕಾರಣ. ವಿಯೆಟ್ನಾಮಿನ ಯುದ್ಧವನ್ನು ಭಾರತ ಟೀಕಿಸಿತೆಂಬ ಸಿಟ್ಟು ಇನ್ನೊಂದು. ಹಡಗು ಬಂದರೆ ಊಟ, ಬಾರದಿದ್ದರೆ ಉಪವಾಸ ಎನ್ನುವಂತಾಯಿತು. ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟವನ್ನು ಬಿಡಿರೆಂದು ಪ್ರಜೆಗಳನ್ನು ಬೇಡಿಕೊಂಡಿದ್ದರು. ನಮ್ಮ ಪೂರ್ವಾಶ್ರಮದ ಮನೆಯಲ್ಲಿ ಆ ಸೋಮವಾರಗಳನ್ನು ಹಿರಿಯರು ಬಹಳ ಕಾಲ ನೆನೆಯುತ್ತಿದ್ದರು. ಆ ಅವಮಾನವೇ ಒಂದು ಕಡೆ ಹಠವಾಗಿ, ಮೆಕ್ಸಿಕೊದಿಂದ 1966ರಲ್ಲಿ 18,000 ಟನ್ ಬಿತ್ತನೆಯ ಗೋದಿ ತರಿಸಿ ನಮ್ಮ ರೈತರು ತಮ್ಮ ಅನ್ನವನ್ನು ತಾವೇ ಬೆಳೆದರು.

ಮುಂದೆ ಇನ್ನೊಂದು ಸಂಗತಿ ನಡೆಯಿತು. ಆ ಧಾನ್ಯದ ಬೆಲೆಯಾಗಿ ಭಾರತ ಕೊಟ್ಟ ರೂಪಾಯಿಗಳು ಅಮೆರಿಕದ ಲೆಕ್ಕದಲ್ಲಿ ಬೆಟ್ಟದಂತೆ ಬೆಳೆದಿದ್ದವು. ಅವರು ಮನಸ್ಸು ಮಾಡಿದರೆ ಅದರಿಂದ ನಮ್ಮನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹನ್ ಅವರು 1,664 ಕೋಟಿ ರೂಪಾಯಿಯ ಒಂದೇ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿದರು. ಹಿಡಿದುಕೊಂಡಿದ್ದ ಬಟ್ಟೆಯನ್ನು ಅಂದು ಬಿಟ್ಟುಕೊಟ್ಟರು. ಗೋದಿ ಬಂದದ್ದು ಹಿಂದೆಯೇ. ಆದರೆ ಶಾಸ್ತ್ರದೃಷ್ಟಿಯಿಂದ ಆ ಭಾಗವು ಸಂಪ್ರದಾನವಾದುದು ಆ ದಿನ.

ನಾವು ಕನ್ನಡ ಶಾಲೆಯಲ್ಲಿ ಓದುವಾಗ ಮಧ್ಯಾಹ್ನ ಹಳದಿಯ ಉಪ್ಪಿಟ್ಟು ಕೊಡುತ್ತಿದ್ದರು. ನಿಮ್ಮಲ್ಲಿ ಹಿರಿಯರಾದವರೆಲ್ಲ ಉಂಡಿದ್ದೀರಿ. ಅಮೆರಿಕದ ಜೋಳದ ರವೆ ಎನ್ನುತ್ತಿದ್ದರು. ಎಲೆಯ ಮೇಲೆ, ಪಾಟಿಯ ಮೇಲೆ ಹಾಕಿಸಿಕೊಂಡು ತಿಂದಿದ್ದೇವೆ. ಅದನ್ನು ಬೆಳೆದ ರೈತನ ಮುಖ ನಮಗೆ ಗೊತ್ತಿಲ್ಲ, ನಮ್ಮ ಮುಖ ಅವನಿಗೆ ಗೊತ್ತಿಲ್ಲ. ದೊರೆಗಳ ನಡುವೆ ಏನು ಬಿಗುಮಾನವಿತ್ತೋ, ಆ ಎಲೆಯ ಮೇಲೆ ಅದೊಂದೂ ಇರಲಿಲ್ಲ. ಬಿಸಿ ಮಾತ್ರ ಇತ್ತು.

ಈಗ ಆ ರೈತರ ಪ್ರಶ್ನೆಗೆ ಬರೋಣ. ನಮ್ಮ ದೇಶವೂ ಬಹುಕಾಲದಿಂದ ಕೊಡುತ್ತಿದೆ. ಭೂತಾನದ ಮೊದಲ ಎರಡು ಪಂಚವಾರ್ಷಿಕ ಯೋಜನೆಗಳ ಹಣವೆಲ್ಲ ಭಾರತದ್ದು. ಮೊದಲನೆಯದು ಆರಂಭವಾದುದು 1961ರಲ್ಲಿ. ಆಗ ನಾವೇ ಪರರ ಗೋದಿ ತಿನ್ನುತ್ತಿದ್ದೆವು. ಪರದೇಶದವರನ್ನು ಕರೆಸಿ ವಿದ್ಯೆ ಕಲಿಸುವ ಕಾರ್ಯ 1964ರಿಂದ ನಡೆದಿದೆ. 2021ರ ಜನವರಿ 20ರಂದು ಕೊರೋನಾ ಲಸಿಕೆಯ ಮೊದಲ ಪೆಟ್ಟಿಗೆಗಳು ಭೂತಾನಕ್ಕೂ ಮಾಲ್ಡೀವ್ಸಿಗೂ ಹೋದವು. ಆ ವರ್ಷದ ಬೇಸಿಗೆಯೊಳಗೆ ಹೊರಗೆ ಹೋದದ್ದು ಸುಮಾರು 6.6 ಕೋಟಿ ಡೋಸು. ಅದರಲ್ಲಿ ದಾನವಾಗಿ ಹೋದದ್ದು ಒಂದು ಕೋಟಿಗೆ ಸ್ವಲ್ಪ ಹೆಚ್ಚು. ಉಳಿದದ್ದು ಮಾರಾಟ ಮತ್ತು ಜಾಗತಿಕ ಒಪ್ಪಂದಕ್ಕೆ ಸೇರಿದ್ದು. ದಾನದ ಭಾಗ ಇಲ್ಲಿಯೇ ಉಳಿದಿದ್ದರೆ ಸುಮಾರು 140 ಜನರಲ್ಲಿ ಒಬ್ಬರಿಗೆ ಒಂದು ಡೋಸು ಹೆಚ್ಚಿಗೆ ಸಿಗುತ್ತಿತ್ತು.

ಲೆಕ್ಕ ಇಷ್ಟು. ಆದರೆ "ಆ ಒಬ್ಬ ನನ್ನ ತಮ್ಮನೇ ಆಗಿದ್ದರೆ?" ಎಂದು ಅವರು ಕೇಳಿದರೆ ಲೆಕ್ಕವು ಬಾಯಿ ಮುಚ್ಚಬೇಕಾಗುತ್ತದೆ. ಸತ್ತವನ ಅಣ್ಣನ ಮುಂದೆ ಶೇಕಡಾವಾರು ಹೇಳುವುದು ಧರ್ಮವಲ್ಲ. ತನ್ನನ್ನು ನಂಬಿದವರನ್ನು ಉಪವಾಸ ಕೆಡವಿ ಮಾಡಿದ ದಾನವು ದಾನವಲ್ಲವೆಂದು ಹಿಂದಿನವರೂ ಹೇಳಿದ್ದಾರೆ. ಮನೆಯ ಪಾಲನ್ನು ಮೊದಲೇ ತೆಗೆದಿಡದಿದ್ದುದು, ಬೇಕಾದಷ್ಟನ್ನು ಮುಂಚಿತವಾಗಿ ಸಿದ್ಧಪಡಿಸದಿದ್ದುದು ದೋಷ. ಆ ದೋಷವನ್ನು ದಾನದ ತಲೆಗೆ ಕಟ್ಟಬಾರದು. ದಾನದ ಹೆಸರಿನಲ್ಲಿ ಆ ದೋಷವನ್ನು ಮುಚ್ಚಲೂಬಾರದು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಕೊಟ್ಟದ್ದರಿಂದ ಏನಾಯಿತು? ಭೂತಾನದಲ್ಲಿ ಮಾರ್ಚ್ 27ರಂದು ಲಸಿಕೆ ಹಾಕಲು ಆರಂಭಿಸಿ, ಸುಮಾರು ಎರಡು ವಾರಗಳಲ್ಲಿ ವಯಸ್ಕರಲ್ಲಿ ಬಹುಪಾಲು ಎಲ್ಲರಿಗೂ ಮೊದಲ ಡೋಸು ಮುಗಿಸಿದರು. ಏಪ್ರಿಲಿನಲ್ಲಿ ನಮ್ಮ ಜನ ಉಸಿರಿಗಾಗಿ ಪರದಾಡುವಾಗ, ಅದೇ ಭೂತಾನವು ಅಸ್ಸಾಮಿಗೆ ದಿನಕ್ಕೆ 40 ಟನ್ ಆಮ್ಲಜನಕ ಕೊಡಲು ಮುಂದೆ ಬಂದಿತು. 2004ರ ಸುನಾಮಿಯ ಹೊತ್ತಿನಲ್ಲಿ "ನಮಗೆ ಪರರ ನೆರವು ಬೇಡ" ಎಂದಿದ್ದ ಭಾರತವು ಈ ಸಲ ಕೈಯೊಡ್ಡಿತು; ನಾನಾ ದೇಶಗಳಿಂದ ವಿಮಾನಗಳು ಬಂದವು. ಆಫ್ರಿಕದ ಕೀನ್ಯಾ ದೇಶವು ಮೇ ತಿಂಗಳಿನಲ್ಲಿ 12 ಟನ್ ಚಹ, ಕಾಫಿ, ಕಡಲೆಕಾಯಿ ಕಳಿಸಿತು. ಹಗಲಿರುಳು ದುಡಿಯುವ ದಾದಿಯರೂ ವೈದ್ಯರೂ ಒಂದು ಕ್ಷಣ ದಣಿವಾರಿಸಿಕೊಳ್ಳಲಿ ಎಂದು ಕಳಿಸಿದ್ದು. ನಮ್ಮಲ್ಲಿ ಕೆಲವರು ನಕ್ಕರು. ಕಡಲೆಕಾಯಿ ಕಂಡು ನಕ್ಕವರಿಗೆ ದಾನವೂ ತಿಳಿಯದು, ಸುಖವೂ ತಿಳಿಯದು. ಬಡವನು ತನ್ನ ಹೊಲದಲ್ಲಿ ಬೆಳೆದದ್ದನ್ನು ತಂದು ಬಾಗಿಲಲ್ಲಿ ನಿಂತಾಗ ಎದ್ದು ನಿಂತು ಎರಡೂ ಕೈಯಿಂದ ಸ್ವೀಕರಿಸಬೇಕು.

ಇದರಿಂದ ನಾವು ತಿಳಿಯಬೇಕಾದುದಿಷ್ಟು. ಪರದೇಶಕ್ಕೆ ಕೊಟ್ಟ ಮಾತ್ರಕ್ಕೆ ಯಾವ ದೇಶವೂ ಸುಖಿಯಾಗುವುದಿಲ್ಲ. ಮನೆಯವರ ಪಾಲನ್ನು ಕಸಿಯದೆ ಕೊಡಬೇಕು. ಕೊಟ್ಟದ್ದು ಎಲ್ಲಿ ಹೋಯಿತು, ಏನಾಯಿತು ಎಂಬುದನ್ನು ಪ್ರಜೆಗಳಿಗೆ ತಿಳಿಸಿ ಕೊಡಬೇಕು. ಕೊಟ್ಟ ಮೇಲೆ ಹಿಡಿದೆಳೆಯುವ ಹಗ್ಗವನ್ನು ಇಟ್ಟುಕೊಳ್ಳದೆ ಕೊಡಬೇಕು. ಹೀಗೆ ಕೊಟ್ಟಾಗ "ನಮ್ಮ ದೇಶ ಒಳ್ಳೆಯದನ್ನು ಮಾಡಿತು, ಅದರಲ್ಲಿ ನನ್ನದೂ ಒಂದು ಪೈಸೆಯಿದೆ" ಎಂಬ ತಣಿವು ಪ್ರಜೆಯ ಮನಸ್ಸಿನಲ್ಲಿ ಹುಟ್ಟುತ್ತದೆ. ಅದು ಗರ್ವವಲ್ಲ, ವಿಶ್ವಾಸ. ಅದೇ ದೇಶದ ಸುಖಕ್ಕೆ ಬೇರು. ಆದಕಾರಣ ನೀವು ಕೊಡುವಾಗಲೂ, ನಿಮ್ಮ ಸರ್ಕಾರ ಕೊಡುವಾಗಲೂ ಈ ಮೂರನ್ನು ವಿಚಾರಿಸಿರಿ. ವಿಚಾರಿಸುವುದು ಜಿಪುಣತನವಲ್ಲ.

ಆ ರೈತರು ತಮ್ಮನ ವಾರ್ಷಿಕ ಸ್ಮರಣೆಯ ದಿನ ಮಠಕ್ಕೆ ಒಂದು ಚೀಲ ರಾಗಿ ತಂದಿದ್ದರು. ದಾಸೋಹದ ಪುಸ್ತಕದಲ್ಲಿ ಹೆಸರು ಬರೆಯಲು ಹೋದಾಗ ಬೇಡವೆಂದರು. ಅಂದು ವಿದ್ಯಾರ್ಥಿನಿಲಯದ ಹುಡುಗರ ಪಂಕ್ತಿ ಕುಳಿತಿತ್ತು. ಊರುಕೇರಿ ಯಾವುದೋ, ಯಾರ ಮಕ್ಕಳೋ ಅವರಿಗೆ ಗೊತ್ತಿಲ್ಲ. ಅವರು ಹೊರಡಲಿಲ್ಲ. ಕಂಬಕ್ಕೆ ಒರಗಿ, ಮುದ್ದೆ ಬಡಿಸಿ ಕಡೆಯ ಹುಡುಗನು ಉಂಡು ಏಳುವವರೆಗೆ ನೋಡುತ್ತ ನಿಂತಿದ್ದರು. ನಾವು ಅವರನ್ನು ಏನೂ ಕೇಳಲಿಲ್ಲ. ಅವರೂ ಏನೂ ಹೇಳಲಿಲ್ಲ.